ತಿಂಗಳ ಮಾತು: ಬರೆದುದನ್ನು ಓದುವವರಾರು?

ವಾಚಕಮಹಾಶಯರಿಂದ ನಮಗೆ ಬರುವ ಕಾಗದಗಳಲ್ಲಿ ಒಂದು ಬಗೆಯವು ವರ್ಷದ ಯಾವ ತಿಂಗಳಲ್ಲಿಯೂ ತಪ್ಪುವುದಿಲ್ಲ. ಬರೆಯುವವರು ಬೇರೆ ಬೇರೆ. ಸಂಕಟ ಮಾತ್ರ ಒಂದೇ. ಕೆಲಸದಿಂದ ನಿವೃತ್ತರಾದ ಉಪಾಧ್ಯಾಯರೊಬ್ಬರು ಮೂವತ್ತು ವರ್ಷಗಳ ತಮ್ಮ ಟಿಪ್ಪಣಿಗಳನ್ನು ಕೈಯಿಂದ ಹಣ ಹಾಕಿ ಪುಸ್ತಕವಾಗಿ ಅಚ್ಚು ಮಾಡಿಸಿರುತ್ತಾರೆ; 500 ಪ್ರತಿಗಳಲ್ಲಿ 400 ಅಟ್ಟವನ್ನು ಸೇರಿರುತ್ತವೆ. ಗೃಹಿಣಿಯೊಬ್ಬರು ಹಬ್ಬದ ಅಡಿಗೆಯ ಕ್ರಮವನ್ನೂ ಅತ್ತೆಯವರಿಂದ ಕಲಿತ ಹಾಡುಗಳನ್ನೂ ಸೇರಿಸಿ ಬರೆದಿಟ್ಟಿರುತ್ತಾರೆ. ಅದನ್ನು ಓದಿದವಳು ಅವರ ತಂಗಿಯೊಬ್ಬಳೇ. ತರುಣನೊಬ್ಬನು ಗೆಳೆಯರೊಡಗೂಡಿ ಪತ್ರಿಕೆ ತೆಗೆದಿರುತ್ತಾನೆ. ಮೂರನೆಯ ಸಂಚಿಕೆಯ ಹೊತ್ತಿಗೆ ಗೆಳೆಯರೂ ಇಲ್ಲ, ಪತ್ರಿಕೆಯೂ ಇಲ್ಲ. ಇವರೆಲ್ಲರೂ ಕೇಳುವುದು ಇಷ್ಟೆ: ನಮ್ಮ ಬರಹಕ್ಕೆ ಓದುಗರನ್ನು ಸಂಪಾದಿಸಿಕೊಳ್ಳುವುದು ಹೇಗೆ?

ಈ ಪ್ರಶ್ನೆಯನ್ನು ಕೇಳಿ ನಗುವ ವಿದ್ವಾಂಸರುಂಟು. ಬರಹದಲ್ಲಿ ಸಾರವಿದ್ದರೆ ಓದುಗರು ತಾವಾಗಿಯೇ ಬರುವರೆಂದೂ, ಕಸ್ತೂರಿಗೆ ಡಂಗುರದವನು ಬೇಕಿಲ್ಲವೆಂದೂ ಅವರು ಹೇಳುತ್ತಾರೆ. ಕೇಳುವುದಕ್ಕೆ ಮಾತು ಚೆನ್ನಾಗಿದೆ. ಆದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಕಸ್ತೂರಿಯ ಪರಿಮಳ ನೆರೆಮನೆಯವರಿಗೆ ತಿಳಿಯಬೇಕಾದರೆ ಯಾರಾದರೂ ಮುಚ್ಚಳವನ್ನು ತೆಗೆಯಬೇಕಷ್ಟೆ. ಇಂದು ಲೋಕವಿಖ್ಯಾತವಾಗಿರುವ ಬರಹಗಾರರಲ್ಲಿ ಅನೇಕರು ಈ ಮುಚ್ಚಳ ತೆಗೆಯುವ ಕೆಲಸವನ್ನು ತಮ್ಮ ಕೈಯಾರ, ಬಹಳ ಲೆಕ್ಕಾಚಾರದಿಂದ ಮಾಡಿದವರೇ ಆಗಿದ್ದಾರೆ. ಅದರಿಂದ ಅವರ ಗೌರವಕ್ಕೆ ಕುಂದು ಬರಲಿಲ್ಲ.

ಇಂಗ್ಲೆಂಡಿನ ರಿಚರ್ಡ್ ಸ್ಟೀಲನ ವೃತ್ತಾಂತವನ್ನು ನೋಡಿರಿ. ಆತನು ಲಂಡನ್ ನಗರದಲ್ಲಿ 1709ನೆಯ ಏಪ್ರಿಲ್ ತಿಂಗಳಲ್ಲಿ 'ಟ್ಯಾಟ್ಲರ್' ಎಂಬ ಪತ್ರಿಕೆಯನ್ನು ಆರಂಭಿಸಿದನು. 'ಹರಟೆಗಾರ' ಎಂದು ಆ ಹೆಸರಿನ ಅರ್ಥ. ಒಂದೇ ಹಾಳೆ, ಎರಡು ಮಗ್ಗುಲಲ್ಲಿಯೂ ಅಚ್ಚು. ಮೊದಲ ನಾಲ್ಕು ಸಂಚಿಕೆಗಳನ್ನು ಆತನು ಹಣವಿಲ್ಲದೆ ಹಂಚಿದನು. ಐದನೆಯದರಿಂದ ಒಂದು ಪೆನ್ನಿ ಬೆಲೆಯಿಟ್ಟನು. ಹುಣಿಸೆಹಣ್ಣು ಮಾರುವವಳು ಮೊದಲು ಒಂದು ಎಸಳನ್ನು ಬಾಯಿಗಿಟ್ಟು ನೋಡಿರೆಂದು ಕೊಡುವುದಿಲ್ಲವೆ, ಅದೇ ನ್ಯಾಯ. ಪತ್ರಿಕೆ ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ, ಶನಿವಾರಗಳಂದು ಹೊರಡುತ್ತಿದ್ದಿತು. ಆ ದಿನಗಳನ್ನೇ ಆರಿಸಿದುದಕ್ಕೆ ಕಾರಣವಿದೆ: ಲಂಡನ್ನಿನಿಂದ ಹೊರಗಿನ ಊರುಗಳಿಗೆ ಅಂಚೆ ಹೊರಡುತ್ತಿದ್ದುದು ಅಂದೇ. ಪಟ್ಟಣದಲ್ಲಿರುವವನು ಓದಿ, ಅದೇ ಸಂಜೆ ಹಳ್ಳಿಯಲ್ಲಿರುವ ಅಣ್ಣನಿಗೆ ಕಳುಹಿಸಬಹುದಾಗಿದ್ದಿತು. ಬರೆಯುವವನು ತನಗೆ ಅನುಕೂಲವಾದ ದಿನವನ್ನು ನೋಡದೆ ಓದುವವನಿಗೆ ಅನುಕೂಲವಾದ ದಿನವನ್ನು ನೋಡಿಕೊಂಡನೆಂಬ ಈ ಒಂದು ಸಣ್ಣ ಸಂಗತಿಯನ್ನು ನಮ್ಮ ತರುಣ ಸಂಪಾದಕರು ಗಮನಿಸಬೇಕೆಂದು ನಮಗೆ ಬಹಳ ಆಸೆ.

ಇನ್ನೊಂದು ಉಪಾಯವನ್ನೂ ಸ್ಟೀಲನು ಕಂಡುಹಿಡಿದಿದ್ದನು. ಆಗಿನ ಲಂಡನ್ನಿನಲ್ಲಿ ಒಂದೊಂದು ಬಗೆಯ ಜನ ಒಂದೊಂದು ಕಾಫಿಯ ಮನೆಯಲ್ಲಿ ಸೇರುತ್ತಿದ್ದರು. ಕವಿಗಳಿಗೆ ಒಂದು, ಪಂಡಿತರಿಗೆ ಒಂದು, ವಿಲಾಸಿಗಳಿಗೆ ಒಂದು, ಪರದೇಶದ ವರ್ತಮಾನ ಕೇಳುವವರಿಗೆ ಮತ್ತೊಂದು. ಸ್ಟೀಲನು ತನ್ನ ಬರಹದ ಭಾಗಗಳಿಗೆ ಆ ಕಾಫಿಯ ಮನೆಗಳ ಹೆಸರನ್ನೇ ತಲೆಬರಹವಾಗಿ ಇಟ್ಟನು. ಕಾವ್ಯದ ಮಾತು 'ವಿಲ್' ಎಂಬವನ ಕಾಫಿಯ ಮನೆಯಿಂದ, ವಿದ್ಯೆಯ ಮಾತು 'ಗ್ರೀಷಿಯನ್' ಕಾಫಿಯ ಮನೆಯಿಂದ, ಉಳಿದುದೆಲ್ಲ 'ನನ್ನ ಸ್ವಂತ ಕೋಣೆಯಿಂದ'. ಹೀಗಾಗಿ ಓದುಗನು ಹಾಳೆಯನ್ನು ಕೈಗೆತ್ತಿಕೊಂಡ ಕೂಡಲೆ ತಾನು ದಿನವೂ ಕುಳಿತುಕೊಳ್ಳುವ ಜಾಗದ ಹೆಸರನ್ನು ಅದರಲ್ಲಿ ಕಾಣುತ್ತಿದ್ದನು. ತನ್ನ ಮನೆಯ ಬಾಗಿಲು ಕಂಡಮೇಲೆ ಒಳಗೆ ಹೋಗದವರಾರು?

ಆ ಪತ್ರಿಕೆ 1711ರ ಜನವರಿಯಲ್ಲಿ ನಿಂತಿತು. ಎರಡು ತಿಂಗಳು ತುಂಬುವುದರೊಳಗಾಗಿ, ಮಾರ್ಚಿ ಮೊದಲನೆಯ ದಿನ, ಸ್ಟೀಲನೂ ಆತನ ಗೆಳೆಯ ಜೋಸೆಫ್ ಆಡಿಸನ್ನನೂ ಸೇರಿ 'ಸ್ಪೆಕ್ಟೇಟರ್' ಪತ್ರಿಕೆಯನ್ನು ಹೊರಡಿಸಿದರು. ಇದು ಭಾನುವಾರವೊಂದನ್ನು ಬಿಟ್ಟು ಪ್ರತಿದಿನವೂ ಬರುತ್ತಿದ್ದಿತು. ಆಗ ಅಲ್ಲಿ ರಾಜಕೀಯ ಪಕ್ಷಗಳ ಕಾದಾಟ ಮಿತಿಮೀರಿದ್ದಿತು. ಸುದ್ದಿಯ ಪತ್ರಿಕೆಗಳೂ ಬೇಕಾದಷ್ಟಿದ್ದುವು. ಇವರಾದರೋ ಸುದ್ದಿಯನ್ನೂ ಪಕ್ಷದ ಜಗಳವನ್ನೂ ಹೊರಗಿಟ್ಟು, ಒಂದು ಕಲ್ಪಿತ ಗೋಷ್ಠಿಯನ್ನು ಕಟ್ಟಿದರು. ಅದರಲ್ಲಿ ಹಳ್ಳಿಯ ಜಮೀನುದಾರ ಸರ್ ರೋಜರ್ ಇದ್ದನು. ವ್ಯಾಪಾರಿ ಸರ್ ಆಂಡ್ರೂ ಇದ್ದನು. ದಂಡಿನಲ್ಲಿದ್ದು ಬಂದ ಕ್ಯಾಪ್ಟನ್, ಕಾನೂನು ಓದಿಯೂ ನಾಟಕದ ಹುಚ್ಚು ಹಿಡಿದವನು, ಪಾದ್ರಿ, ವಯಸ್ಸು ಮೀರಿದ ಶೋಕಿದಾರ, ಎಲ್ಲರೂ ಇದ್ದರು. ಇಂಥ ಊರಿನಲ್ಲಿ ಓದುಬರಹ ಬಲ್ಲವನು ಯಾವನೇ ಆಗಲಿ, ಆ ಗೋಷ್ಠಿಯಲ್ಲಿ ತನ್ನ ಕಡೆಯವನೊಬ್ಬನನ್ನು ಕಾಣದಿರುವಂತಿರಲಿಲ್ಲ.

ಹತ್ತನೆಯ ಸಂಚಿಕೆಯಲ್ಲಿ ಆಡಿಸನ್ನನು ಒಂದು ಲೆಕ್ಕ ಹಾಕಿದ್ದಾನೆ. ದಿನಕ್ಕೆ 3,000 ಪ್ರತಿಗಳು ಹೋಗುತ್ತಿವೆಯೆಂದು ಪ್ರಕಾಶಕನು ಹೇಳಿದನಂತೆ. ಒಂದು ಪ್ರತಿಗೆ 20 ಜನ ಓದುಗರೆಂದರೆ ಸಾಧಾರಣ ಅಂದಾಜೇ ಆಗುವುದಾದುದರಿಂದ ತನಗೆ 60,000 ಶಿಷ್ಯರಾದರೆಂದು ಆತನು ಹಿಗ್ಗುತ್ತಾನೆ. ಮನೆಮನೆಗಳಲ್ಲಿ ಬೆಳಗಿನ ಚಹದ ಹೊತ್ತಿನಲ್ಲಿ ತನ್ನ ಹಾಳೆಯನ್ನೂ ತಟ್ಟೆ ಬಟ್ಟಲುಗಳ ಜೊತೆಗೆ ಇಡಬೇಕೆಂದು ಗೃಹಸ್ಥರಲ್ಲಿ ಬಿನ್ನವಿಸಿಕೊಳ್ಳುತ್ತಾನೆ. ಮುಖ್ಯವಾಗಿ ಸ್ತ್ರೀಯರು ತನ್ನ ಬರಹವನ್ನು ಓದಬೇಕೆಂಬುದು ಆತನ ಬಯಕೆ. ಪ್ರತಿಯೊಂದಕ್ಕೆ ಇಪ್ಪತ್ತು ಜನವೆಂಬುದು ಹೆಚ್ಚಾಯಿತೆಂದು ಕೆಲವರಿಗೆ ತೋರಬಹುದು. ಕಾಫಿಯ ಮನೆಯಲ್ಲಿ ಒಂದು ಹಾಳೆ ಕೈಯಿಂದ ಕೈಗೆ ಹೋಗುತ್ತಿದ್ದುದನ್ನು ನೆನೆದರೆ ನಮಗೆ ಹಾಗೆ ತೋರುವುದಿಲ್ಲ.

ನಮ್ಮಲ್ಲಿಯೇ ನೋಡಿರಿ. ಒಂದು ಮನೆಗೆ ಮಾಸಪತ್ರಿಕೆ ಬಂದಿತೆಂದರೆ ಮೊದಲು ಯಜಮಾನರು; ಅವರು ಕನ್ನಡಕ ತೆಗೆದಿಟ್ಟ ಮೇಲೆ ಮನೆಯಾಕೆ; ಆಮೇಲೆ ಮಕ್ಕಳು, ಕಣ್ಣು ಕಾಣದ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳುವ ಮೊಮ್ಮಗಳು; ಅನಂತರ ಪಕ್ಕದ ಮನೆ, ಅಲ್ಲಿಂದ ಎದುರುಮನೆ. ಎಣ್ಣೆಯ ಕೈಗುರುತನ್ನೂ ಕುಂಕುಮದ ಬೊಟ್ಟನ್ನೂ ಹೊತ್ತು ಅದು ತಿಂಗಳ ಕೊನೆಗೆ ಹಿಂದಕ್ಕೆ ಬರುವುದು. ಒಮ್ಮೊಮ್ಮೆ ಬಾರದಿರುವುದೂ ಉಂಟು. ಹೀಗೆ ಎರವಲು ತಂದು ಓದುವವರನ್ನು ಪತ್ರಿಕೆಯ ವ್ಯವಸ್ಥಾಪಕರು ನಷ್ಟದ ಬಾಬಿಗೆ ಸೇರಿಸುತ್ತಾರೆ. ನಾವು ಸೇರಿಸಲಾರೆವು. ಎರವಲು ಓದುಗನೇ ಮುಂದಿನ ವರ್ಷದ ಚಂದಾದಾರನು. ಚಂದಾದಾರನಾಗದೆ ಹೋದರೂ ಬರೆದವನ ಹೆಸರನ್ನು ಇನ್ನೊಂದು ಊರಿಗೆ ಹೊತ್ತುಕೊಂಡು ಹೋಗುವವನು ಅವನೇ.

ಓದುಗರಿಂದ ಕಾಗದಗಳನ್ನು ಬೇಡಿ ತರಿಸಿಕೊಳ್ಳುವುದರಲ್ಲಿಯೂ ಆ ಇಬ್ಬರು ಗೆಳೆಯರು ನಿಪುಣರಾಗಿದ್ದರು. ಸ್ಪೆಕ್ಟೇಟರಿನ ಎಷ್ಟೋ ಸಂಚಿಕೆಗಳಲ್ಲಿ ಓದುಗರ ಕಾಗದಗಳೇ ತುಂಬಿವೆ. 1713ರಲ್ಲಿ 'ಗಾರ್ಡಿಯನ್' ಎಂಬ ಇನ್ನೊಂದು ಪತ್ರಿಕೆಯನ್ನು ನಡೆಸುತ್ತಿದ್ದಾಗ ಬಟನ್ ಎಂಬವನ ಕಾಫಿಯ ಮನೆಯಲ್ಲಿ ಸಿಂಹದ ತಲೆಯೊಂದನ್ನು ಮಾಡಿಸಿ ಇಟ್ಟರು. ಕಾಗದವನ್ನು ಅದರ ತೆರೆದ ಬಾಯಿಗೆ ಹಾಕಿದರೆ ಒಳಗಿನ ಪೆಟ್ಟಿಗೆಗೆ ಬೀಳುತ್ತಿದ್ದಿತು. ಸಿಂಹದ ಬಾಯಿಗೆ ಕೈಹಾಕುವ ವಿನೋದಕ್ಕಾಗಿಯೇ ಕೆಲವರು ಬರೆದಿರಬೇಕು! ತನ್ನ ಕಾಗದ ಅಚ್ಚಾಯಿತೆಂದು ಒಬ್ಬನಿಗೆ ತಿಳಿದರೆ ಅಂದಿನ ಹಾಳೆಯನ್ನು ಅವನೂ ಅವನ ನೆಂಟರಿಷ್ಟರೂ ಕೊಳ್ಳದೆ ಬಿಡುವರೆ?

ಇಷ್ಟೆಲ್ಲ ಇದ್ದರೂ 1712ರ ಆಗಸ್ಟಿನಲ್ಲಿ ಸರ್ಕಾರವು ಪ್ರತಿ ಹಾಳೆಗೂ ಮುದ್ರೆಯ ತೆರಿಗೆ ವಿಧಿಸಿದಾಗ ಅನೇಕ ಪತ್ರಿಕೆಗಳು ಬಿದ್ದುಹೋದುವು. ಸ್ಪೆಕ್ಟೇಟರಿನ ಬೆಲೆಯನ್ನು ಒಂದು ಪೆನ್ನಿಯಿಂದ ಎರಡಕ್ಕೆ ಏರಿಸಬೇಕಾಯಿತು, ಓದುಗರು ಕಡಿಮೆಯಾದರು, ಆ ವರ್ಷದ ಡಿಸೆಂಬರಿನಲ್ಲಿ 555ನೆಯ ಸಂಚಿಕೆಯೊಡನೆ ಅದು ನಿಂತಿತು. 1714ರಲ್ಲಿ ಆಡಿಸನ್ನನು ಅದನ್ನು ಸ್ವಲ್ಪಕಾಲ ಮತ್ತೆ ನಡೆಸಿದನೆಂಬುದು ಬೇರೆ ಮಾತು. ಆದರೆ ನಿಂತ ದಿನದ ಹೊತ್ತಿಗಾಗಲೇ, ಹಳೆಯ ಸಂಚಿಕೆಗಳನ್ನು ಕೂಡಿಸಿ ಕಟ್ಟಿದ ಸಂಪುಟಗಳು ಒಂದೊಂದೂ 9,000ಕ್ಕೂ ಮೇಲ್ಪಟ್ಟು ಮಾರಾಟವಾಗಿದ್ದುವು. ದಿನದ ಹಾಳೆ ಬೆಳಗಿನ ಚಹಕ್ಕೆ ಕರೆದು ತಂದ ಜನ ಸಂಪುಟವನ್ನು ಮನೆಯಲ್ಲಿಟ್ಟುಕೊಂಡರು.

ಅಂಥದೇ ಇನ್ನೊಂದು ಸಂಗತಿಯನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. ಚಾರಲ್ಸ್ ಡಿಕನ್ಸನ 'ಪಿಕ್‌ವಿಕ್ ಪೇಪರ್ಸ್' 1836ರಲ್ಲಿ ತಿಂಗಳಿಗೊಂದು ಭಾಗವಾಗಿ ಹೊರಡತೊಡಗಿದಾಗ ಮೊದಲ ಭಾಗದ 400 ಪ್ರತಿಗಳಿಗಷ್ಟೆ ಹೊದಿಕೆ ಹಾಕಿಸಿದ್ದರು. ನಾಲ್ಕನೆಯ ಭಾಗದಲ್ಲಿ ಸ್ಯಾಮ್ ವೆಲ್ಲರನೆಂಬ ಮಾತುಗಾರ ಸೇವಕನು ಕಾಣಿಸಿಕೊಂಡ ಮೇಲೆ ಬೇಡಿಕೆ ಏರುತ್ತ ಏರುತ್ತ ಕೊನೆಗೆ 40,000ಕ್ಕೆ ಮುಟ್ಟಿತು. ಆಗ ಕಾದಂಬರಿಯ ಮೂರು ಸಂಪುಟಗಳಿಗೆ ಒಂದೂವರೆ ಗಿನಿ ಬೆಲೆ. ಇದರ ಒಂದು ಭಾಗಕ್ಕೆ ಒಂದೇ ಷಿಲ್ಲಿಂಗ್. ಒಮ್ಮೆಗೆ ಕೊಡಲಾರದವನು ತಿಂಗಳಿಗಿಷ್ಟೆಂದು ಕೊಟ್ಟಾನು. ಮೂರನೆಯ ಸಂಚಿಕೆಗೇ ಎದೆಗುಂದುವವರು ಈ 'ನಾಲ್ಕನೆಯ ಭಾಗ' ಎಂಬುದನ್ನು ನೆನಪಿನಲ್ಲಿಡಬಹುದು.

ಓದುಗರನ್ನು ಗಳಿಸುವುದಕ್ಕೆ ವಕ್ರಮಾರ್ಗವೂ ಉಂಟು; ಅದನ್ನು ಮುಚ್ಚಿಡುವುದು ಸರಿಯಲ್ಲ. ಅಮೆರಿಕಾದ ನ್ಯೂಯಾರ್ಕಿನಲ್ಲಿ 1835ರ ಆಗಸ್ಟಿನಲ್ಲಿ 'ಸನ್' ಎಂಬ ಅಗ್ಗದ ಪತ್ರಿಕೆಯು ಒಂದು ಲೇಖನಮಾಲೆಯನ್ನು ಪ್ರಕಟಿಸಿತು. ಖಗೋಳಶಾಸ್ತ್ರಜ್ಞ ಸರ್ ಜಾನ್ ಹರ್ಷಲನು ಆಫ್ರಿಕಾದ ದಕ್ಷಿಣ ತುದಿಯಲ್ಲಿ ಕುಳಿತು ದೊಡ್ಡ ದೂರದರ್ಶಕದಿಂದ ಚಂದ್ರನನ್ನು ನೋಡಿದನೆಂದೂ, ಅಲ್ಲಿ ಕಾಡುಗಳೂ ಮೃಗಗಳೂ ಬಾವಲಿಯಂತೆ ರೆಕ್ಕೆಯುಳ್ಳ ಮನುಷ್ಯರೂ ಕಂಡರೆಂದೂ ಅದರಲ್ಲಿ ಬರೆದಿದ್ದಿತು. ಹರ್ಷಲನು ಆಫ್ರಿಕಾದಲ್ಲಿದ್ದುದು ನಿಜ; ಉಳಿದುದೆಲ್ಲ ಕಟ್ಟುಕಥೆ. ಜನ ಮುಗಿಬಿದ್ದು ಕೊಂಡರು. ಈ ಕಥೆಯನ್ನು ಹೇಳುವವರು, ಸುಳ್ಳು ಬಯಲಾದ ಮೇಲೆ ಪತ್ರಿಕೆ ನಾಶವಾಯಿತೆಂದು ಮುಗಿಸಿದರೆ ಕೇಳುವುದಕ್ಕೆ ಹಿತವಾಗಿರುತ್ತಿತ್ತು. ಆದರೆ ಹಾಗೆ ನಡೆಯಲಿಲ್ಲ. ಆ ಪತ್ರಿಕೆ 1950ರ ವರೆಗೂ ಬದುಕಿದ್ದಿತು. ಸುಳ್ಳಿನಿಂದ ಓದುಗರು ಬರುತ್ತಾರೆ, ಬಂದವರು ನಿಲ್ಲುವುದೂ ಉಂಟು. ಇದನ್ನು ಒಪ್ಪಿಕೊಂಡೇ ನಾವು ಆ ದಾರಿ ಬೇಡವೆನ್ನುತ್ತೇವೆ. ಮನೆಯೊಳಗೆ ಮಕ್ಕಳ ಕೈಗೆ ಹೋಗುವ ಹಾಳೆಯಲ್ಲಿ ರೆಕ್ಕೆಯ ಮನುಷ್ಯರನ್ನು ನಿಜವೆಂದು ಅಚ್ಚು ಹಾಕಿ, ಆಮೇಲೆ ಅದೇ ಕೈಯಿಂದ ಮಗುವಿನ ಜ್ವರಕ್ಕೆ ಏನು ಮಾಡಬೇಕೆಂದು ಬರೆದರೆ ತಾಯಿಯಾದವಳು ಯಾವುದನ್ನು ನಂಬಬೇಕು?

ಇನ್ನು ನಮ್ಮ ನಾಡಿಗೆ ಬರೋಣ. ಗಳಗನಾಥರ ಹೆಸರನ್ನು ಹಿರಿಯ ವಾಚಕರು ಮರೆತಿರಲಾರರು. ವೆಂಕಟೇಶ ತಿರಕೋ ಕುಲಕರ್ಣಿಯವರು 1869ರಲ್ಲಿ ಹುಟ್ಟಿದರು, ಈಗಿನ ಹಾವೇರಿ ಜಿಲ್ಲೆಗೆ ಸೇರಿದ ತಮ್ಮ ಊರಿನ ಹೆಸರಿನಿಂದಲೇ ಪ್ರಸಿದ್ಧರಾದರು, ವೃತ್ತಿಯಿಂದ ಉಪಾಧ್ಯಾಯರು. ಅವರ ಕಾಲಕ್ಕೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಓದಿದವರೆನಿಸಿಕೊಂಡವರು ಮರಾಠಿಯನ್ನೇ ಓದುತ್ತಿದ್ದರು. ಹರಿನಾರಾಯಣ ಆಪಟೆಯವರ ಕಾದಂಬರಿಗಳಿಗೆ ಅಲ್ಲಿ ಬಹಳ ಮನ್ನಣೆ. ಕನ್ನಡದಲ್ಲಿ ಓದುವುದಕ್ಕೆ ಏನಿದೆ ಎಂದು ಕೇಳುವವರು ಮನೆಯಲ್ಲಿ ಆಡುತ್ತಿದ್ದುದು ಕನ್ನಡವೇ! ಅಂಥವರಿಗೆ ಉಪದೇಶ ಮಾಡಿ ಫಲವಿಲ್ಲವೆಂದು ಗಳಗನಾಥರು ಕಂಡುಕೊಂಡಿರಬೇಕು. ಅವರು ಕಥೆಯನ್ನು ಕೊಟ್ಟರು. ಆಪಟೆಯವರ ಕಥೆಗಳನ್ನೇ ಕನ್ನಡಕ್ಕೆ ತಂದರು. 'ಮಾಧವ ಕರುಣಾವಿಲಾಸ'ದಂಥ ಗ್ರಂಥದಲ್ಲಿ ವಿಜಯನಗರದ ವಿಷಯವನ್ನು ಕನ್ನಡಿಗರ ಮನೆಯ ಮಾತಾಗಿ ಮಾಡಿದರು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ'ಯೆಂಬ ಮಾಸಪತ್ರಿಕೆಗಾಗಿ ದುಡಿದರು.

ಅಚ್ಚಾದ ಪುಸ್ತಕವನ್ನು ಮಾರುವವರು ಯಾರು? ಅಂಗಡಿಗಳು ದೊಡ್ಡ ಪಟ್ಟಣಗಳಲ್ಲಿ, ಓದುಗರು ಹಳ್ಳಿಗಳಲ್ಲಿ. ಗಳಗನಾಥರು ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರಿಂದೂರಿಗೆ ನಡೆದರು. ಸಂತೆಗೆ ಬದನೆಕಾಯಿ ಹೊತ್ತುಕೊಂಡು ಹೋಗುವವರ ಹಾಗೆಯೇ ಹೋಗಿ, ಮನೆಗಳ ಮುಂದೆ ನಿಂತು, ಪುಸ್ತಕವನ್ನು ತೋರಿಸಿ ಮಾರಿದರು. ಗ್ರಂಥಕರ್ತನೆಂದರೆ ಪೀಠದ ಮೇಲೆ ಕುಳಿತಿರಬೇಕೆಂದು ಎಣಿಸುವವರಿಗೆ ಇದು ಅವಮಾನವಾಗಿ ತೋರೀತು. ನಮಗೆ ತೋರುವುದೇ ಬೇರೆ. ಹೊಸಿಲ ಮುಂದೆ ನಿಂತ ಗ್ರಂಥಕರ್ತನಿಗೆ, ಯಾವ ಪುಟವನ್ನು ತೆರೆದಾಗ ಹುಡುಗಿ ಕಣ್ಣರಳಿಸಿದಳು, ಯಾವ ಬೆಲೆಯನ್ನು ಕೇಳಿ ಯಜಮಾನನು ಒಳಗೆ ಹೋದನು, ಯಾವ ಮಾತು ಅರ್ಥವಾಗದೆ ಮುದುಕಿ ಮತ್ತೊಮ್ಮೆ ಕೇಳಿದಳು ಎಂಬುದೆಲ್ಲ ಕಣ್ಣಿಗೆ ಕಾಣುವಂತಿದ್ದಿತು. ಅಟ್ಟಕ್ಕೆ ಪುಸ್ತಕ ಏರಿಸಿ ಕುಳಿತವರಿಗೆ ಇದು ದೊರೆಯದು. 1942ರಲ್ಲಿ ಗಳಗನಾಥರು ತೀರಿಕೊಂಡರು. ಐಶ್ವರ್ಯವನ್ನೇನೂ ಅವರು ಬಿಟ್ಟುಹೋಗಲಿಲ್ಲ. ಕನ್ನಡ ಕಾದಂಬರಿಯನ್ನು ಓದುವ ಒಂದು ಜನಸಮೂಹವನ್ನು ಬಿಟ್ಟುಹೋದರು. ಆಮೇಲೆ ಬಂದ ಕಾದಂಬರಿಕಾರರೆಲ್ಲರೂ ಉಂಡ ಅನ್ನದಲ್ಲಿ ಆ ತಲೆಹೊರೆಯ ಋಣವಿದೆ.

ತಲೆಯ ಮೇಲೆ ಹೊರುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಆದುದರಿಂದ ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಮಾತನ್ನೂ ಹೇಳಬೇಕು. ಅಲ್ಲಿಯ ಉಪಾಯ ಚಂದಾದಾರರದು. ವರ್ಷಕ್ಕಿಷ್ಟೆಂದು ಮೊದಲೇ ಹಣ ಕೊಟ್ಟವರಿಗೆ ಆ ವರ್ಷದ ಗ್ರಂಥಗಳು ಬರುತ್ತವೆ. ಇದರಲ್ಲಿ ಎರಡು ಲಾಭಗಳಿವೆ: ಎಷ್ಟು ಪ್ರತಿ ಅಚ್ಚು ಹಾಕಬೇಕೆಂಬುದು ಮೊದಲೇ ತಿಳಿಯುತ್ತದೆ, ಪ್ರಸಿದ್ಧರ ಪುಸ್ತಕದ ಜೊತೆಯಲ್ಲಿ ಹೆಸರು ಕೇಳದ ಹೊಸಬನ ಪುಸ್ತಕವೂ ಅದೇ ಮನೆಯನ್ನು ಸೇರುತ್ತದೆ. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಪ್ರಕಟವಾದುದು ಇಲ್ಲಿಯೇ. ಆಗ ಅವರು ಇನ್ನೂ ಇಪ್ಪತ್ತರ ಹರೆಯದವರು. ಆ ಗ್ರಂಥಮಾಲೆಯ ಕಚೇರಿಯನ್ನು ಧಾರವಾಡದವರು 'ಅಟ್ಟ'ವೆಂದೇ ಕರೆಯುವುದು ವಿನೋದ. ಅಟ್ಟವನ್ನು ಏರಿದ ಪುಸ್ತಕಗಳೆಲ್ಲ ಅಲ್ಲಿಯೇ ಕೊಳೆಯಬೇಕೆಂಬ ನಿಯಮವಿಲ್ಲವೆನ್ನೋಣ.

ನಮಗೆ ಕಾಗದ ಬರೆದವರಿಗೆ ಏನು ಹೇಳಬೇಕು? ಉಪಾಧ್ಯಾಯರು ಉಳಿದ 400 ಪ್ರತಿಗಳ ಲೆಕ್ಕವನ್ನು ಬಿಟ್ಟು ಇಪ್ಪತ್ತರ ಲೆಕ್ಕವನ್ನು ಹಿಡಿಯಲಿ. ತಾವು ಪಾಠ ಹೇಳಿದ ಶಾಲೆಗಳೆಷ್ಟು, ಅವುಗಳ ಊರುಗಳಲ್ಲಿ ವಾಚನಾಲಯಗಳೆಷ್ಟು? ಒಂದೊಂದಕ್ಕೆ ಒಂದೊಂದು ಪ್ರತಿ ಕೊಟ್ಟು, ಸಾಧ್ಯವಾದರೆ ತಾವೇ ಹೋಗಿ ಹತ್ತು ಜನರ ಮುಂದೆ ಎರಡು ಪುಟ ಓದಲಿ. ಪುಸ್ತಕಕ್ಕೆ ಇಟ್ಟಿರುವ ಹೆಸರನ್ನು ಕೂಡ ಒಮ್ಮೆ ವಿಚಾರಿಸುವುದು ಒಳ್ಳೆಯದು. ಮೂರು ಸಮಾಸಗಳ ಹೆಸರನ್ನು ನೋಡಿ ಒಳಗೆ ಮಳೆಬೆಳೆಯ ವಿಷಯವಿದೆಯೆಂದು ರೈತನು ಊಹಿಸಲಾರನು. ಗೃಹಿಣಿಯವರ ಬರಹದ ವಿಷಯದಲ್ಲಿ ನಮಗೆ ಹೆಚ್ಚು ಧೈರ್ಯವಿದೆ. ಹಬ್ಬಕ್ಕೆ ಹದಿನೈದು ದಿನ ಮುಂಚೆ ಆ ಹಬ್ಬದ ಅಡಿಗೆಯ ಪುಟ ಕೈಗೆ ಸಿಕ್ಕರೆ ಕೇಳಿ ಪಡೆಯುವವರು ಬೇಕಾದಷ್ಟು ಜನ. ಹಬ್ಬ ಕಳೆದ ಮಾರನೆಯ ದಿನ ಯಾರೂ ಇಲ್ಲ. ಸ್ಟೀಲನು ಅಂಚೆಯ ದಿನವನ್ನು ನೋಡಿಕೊಂಡಂತೆ ಇವರು ಪಂಚಾಂಗವನ್ನು ನೋಡಿಕೊಂಡರಾಯಿತು. ಮಾಡಿ ನೋಡಿದವರು ಹಿಟ್ಟು ಹೆಚ್ಚಾಯಿತು, ಬೆಲ್ಲ ಕಡಿಮೆಯಾಯಿತು ಎಂದು ಬರೆದರೆ ಅದನ್ನೂ ಹೆಸರು ಸಹಿತ ಮುಂದಿನ ಬಾರಿ ಸೇರಿಸಲಿ. ತರುಣ ಸಂಪಾದಕನಿಗಾದರೋ ಒಂದೇ ಮಾತು: ಬರುವುದಾಗಿ ಹೇಳಿದ ದಿನ ಪತ್ರಿಕೆ ಬರಬೇಕು. ಎರಡು ಸಲ ಬಾಗಿಲ ಬಳಿ ಕಾದು ಹಿಂದಿರುಗಿದ ಓದುಗನು ಮೂರನೆಯ ಸಲ ಕಾಯುವುದಿಲ್ಲ. ತಿಂಗಳಿಗೆ ಆಗದಿದ್ದರೆ ಮೂರು ತಿಂಗಳಿಗೊಮ್ಮೆ ಎಂದು ಹೇಳಿ ನಡೆಸಿದರೆ ಕೀಳಲ್ಲ.

ಇಷ್ಟು ಮಾಡಿದರೂ ಓದುಗರು ಬಾರದಿರುವುದುಂಟು. ಬಂದವರು ಹೋಗುವುದೂ ಉಂಟು. ನಂಜನಗೂಡಿನ ತಿರುಮಲಾಂಬಾ ಅವರು 1887ರಲ್ಲಿ ಹುಟ್ಟಿ, ಬಾಲ್ಯದಲ್ಲಿ ಮದುವೆಯಾಗಿ, ಎಳೆಯ ವಯಸ್ಸಿನಲ್ಲಿಯೇ ವೈಧವ್ಯವನ್ನು ಕಂಡವರು. ಮನೆಯಲ್ಲಿದ್ದುಕೊಂಡೇ ಓದಿ ಬರೆದು, 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ಕಟ್ಟಿ, ತಮ್ಮ 'ಸುಶೀಲೆ' ಕಾದಂಬರಿಯನ್ನು ಹೊರತಂದರು. ಕೆಲವು ವರ್ಷಗಳಲ್ಲಿ ಸ್ತ್ರೀಯರಿಗಾಗಿ 'ಕರ್ನಾಟಕ ನಂದಿನಿ'ಯನ್ನೂ ಮಕ್ಕಳಿಗಾಗಿ 'ಸನ್ಮಾರ್ಗದರ್ಶಿ'ಯನ್ನೂ ನಡೆಸಿದರು. ಸಭೆಗೆ ಹೋಗಿ ಮಾತನಾಡುವುದು ಅಂಥ ಸ್ತ್ರೀಗೆ ಸುಲಭವಲ್ಲದ ಕಾಲ; ಗಂಟು ಹೊತ್ತು ಬೀದಿ ಸುತ್ತುವ ಮಾತಂತೂ ಇಲ್ಲವೇ ಇಲ್ಲ. ಅಂಚೆಯವನೇ ಆಕೆಯ ಕಾಲು. ಪತ್ರಿಕೆಗಳು ನಿಂತುವು, ಹಲವು ದಶಕಗಳ ಕಾಲ ಆಕೆಯ ಹೆಸರೆತ್ತುವವರು ವಿರಳವಾದರು. 1982ರಲ್ಲಿ, ತೊಂಬತ್ತೈದು ತುಂಬಿದ ವಯಸ್ಸಿನಲ್ಲಿ ಆಕೆ ಕಾಲವಾದರು. ಡಾ. ವಿಜಯಾ ದಬ್ಬೆಯವರು ಆಕೆಯ ಬದುಕನ್ನೂ ಬರಹವನ್ನೂ ಕುರಿತು ಬರೆದು ಕನ್ನಡಿಗರ ಮುಂದೆ ಮತ್ತೆ ಇಟ್ಟಮೇಲೆ, ಆ ಪುಸ್ತಕಗಳನ್ನು ಕೇಳಿಕೊಂಡು ಬಂದವರು ಆಕೆ ಕಣ್ಣಾರೆ ಕಾಣದ ಹೊಸ ತಲೆಮಾರಿನ ಹೆಣ್ಣುಮಕ್ಕಳು. ನಂದಿನಿಯ ಹಳೆಯ ಸಂಚಿಕೆಗಳು ವಾಚಕರ ಮನೆಗಳ ಪೆಟ್ಟಿಗೆಗಳಲ್ಲಿ ಎಲ್ಲಿಯಾದರೂ ಉಳಿದಿದ್ದರೆ, ಗೆದ್ದಲು ಹಿಡಿಯುವ ಮುನ್ನ ಹತ್ತಿರದ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರಕ್ಕೆ ತಿಳಿಸಬೇಕೆಂದು ಬೇಡುತ್ತೇವೆ.